ಸ್ಟೀಮ್‌ನಲ್ಲಿ ಗೇಮ್ ಮಾರಿದರೆ ಕೈಗೆ ಎಷ್ಟು ಸಿಗುತ್ತೆ?

ಹಾಸನದಲ್ಲಿ ಮನೆಯಲ್ಲೇ ಕೂತು ಪಿಸಿ ಗೇಮ್ ಮಾಡ್ತಿದ್ದೀರಿ, ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 590 ರೂಪಾಯಿ ಬೆಲೆ ಇಟ್ಟರೆ ಎಷ್ಟು ಉಳಿಯುತ್ತೆ ಅಂತ ಕೇಳಿದ್ದೀರಿ. ಒಂದು ಕಾಪಿಗೆ ಸುಮಾರು 350 ರೂಪಾಯಿ.

ಇಲ್ಲಿನ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿರುತ್ತೆ. ಅದನ್ನು ಕಳೆದರೆ 500. ಅದರಲ್ಲಿ 30%, ಅಂದರೆ 150 ರೂಪಾಯಿ, ಸ್ಟೀಮ್ ಹಿಡಿದುಕೊಳ್ಳುತ್ತೆ. ಸೇಲ್‌ನಲ್ಲಿ ಡಿಸ್ಕೌಂಟ್ ಕೊಟ್ಟರೆ ಇನ್ನೂ ಕಮ್ಮಿ. ನಿಮ್ಮ ಆದಾಯ ತೆರಿಗೆ ಬೇರೆ.

ಈ 30% ಎಲ್ಲರಿಗೂ ಒಂದೇ ಅಲ್ಲ. 2018ರಿಂದ, ಗೇಮ್‌ನ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಮುಂದಿನ ಮಾರಾಟಕ್ಕೆ 25%, 5 ಕೋಟಿ ದಾಟಿದರೆ 20%. ದೊಡ್ಡವರಿಗೆ ರಿಯಾಯಿತಿ, ಸಣ್ಣವರಿಗೆ ಪೂರ್ತಿ ದರ. ನನಗಂತೂ ಇದು ಅನ್ಯಾಯ ಅನ್ನಿಸುತ್ತೆ. ನಮ್ಮ ಎಪಿಎಂಸಿಯಲ್ಲಿ ಲೋಡ್‌ಗಟ್ಟಲೆ ಆಲೂಗಡ್ಡೆ ತಂದವರಿಗಿಂತ ನಾಲ್ಕು ಮೂಟೆ ತಂದವರ ಹತ್ರ ಜಾಸ್ತಿ ಕಮಿಷನ್ ಮುರಿದರೆ ಸುಮ್ನೆ ಇರ್ತೀವಾ?

ಇದೇ ಥರದ ಇನ್ನೊಂದು ಅಂಗಡಿ ಎಪಿಕ್ ತೆಗೆದುಕೊಳ್ಳೋದು 12%. 2025ರ ಜೂನ್‌ನಿಂದ ಪ್ರತಿ ಗೇಮ್‌ಗೆ ವರ್ಷದ ಮೊದಲ 10 ಲಕ್ಷ ಡಾಲರ್ ವರೆಗೆ ಅದೂ ಇಲ್ಲ. ಇಚ್.ಐಒ ಅನ್ನೋ ಗೇಮ್ ಮಾರೋ ಸೈಟ್‌ನಲ್ಲಿ ಅವರ ಪಾಲು ಎಷ್ಟು ಅಂತ ನೀವೇ ಹೇಳಬಹುದು, ಸೊನ್ನೆ ಕೂಡ ಇಡಬಹುದು. ಆದರೆ ಪಿಸಿ ಗೇಮ್ ಕೊಳ್ಳೋ ಜನ ಜಾಸ್ತಿ ಇರೋದು ಸ್ಟೀಮ್‌ನಲ್ಲೇ, ಹಾಗಾಗಿ ಅದನ್ನು ಬಿಡಬೇಡಿ. ಅಲ್ಲಿ ಗೇಮ್ ಹಾಕೋಕೆ ಕಟ್ಟೋ 100 ಡಾಲರ್ ಫೀ, ಗಳಿಕೆ 1,000 ಡಾಲರ್ ಮುಟ್ಟಿದ ಮೇಲೆ ವಾಪಸ್ ಬರುತ್ತೆ. ಇನ್ನೊಂದು ದಾರಿ ಇದೆ: ಸ್ಟೀಮ್ ಕೀಗಳನ್ನು (ಕೊಂಡವರು ಸ್ಟೀಮ್‌ನಲ್ಲಿ ಹಾಕಿ ಗೇಮ್ ಪಡೆಯೋ ಕೋಡ್‌ಗಳು) ಕೇಳಿ ಪಡೆದು ನಿಮ್ಮ ವೆಬ್‌ಸೈಟ್‌ನಲ್ಲಿ ಮಾರಬಹುದು. ಅದರಲ್ಲಿ ಸ್ಟೀಮ್‌ಗೆ ಪಾಲಿಲ್ಲ. ಸ್ಟೀಮ್ ಗಿರಾಕಿಗಳಿಗೂ ಅದೇ ಬೆಲೆಗೆ ಸಿಗೋ ಹಾಗೆ ನೋಡಿಕೊಳ್ಳಿ, ಅದು ಅವರ ಷರತ್ತು.