ಯಶಸ್ವಿ ಬೇಸ್‌ಬಾಲ್ ಪಿಚರ್‌ಗಳು (ಬ್ಯಾಟರ್‌ಗೆ ಚೆಂಡೆಸೆಯುವವರು) ಇದ್ದಕ್ಕಿದ್ದಂತೆ ಕುಸಿಯುವುದೇಕೆ, ಅವರು ಚೇತರಿಸಿಕೊಳ್ಳುತ್ತಾರೆಯೇ?

ಹಲವು ಕುಸಿತಗಳ ಮೂಲ ತೋಳಿನಲ್ಲಿದೆ: ಮೊಣಕೈಯ ಅಸ್ಥಿರಜ್ಜು ಅಥವಾ ಭುಜ ಸವೆದಾಗ ವೇಗ ತಗ್ಗುತ್ತದೆ, ನೋವನ್ನು ತಪ್ಪಿಸಲು ಎಸೆತದ ಭಂಗಿ ಅರಿವಿಲ್ಲದೆ ಬದಲಾಗಿ ನಿಖರತೆಯೂ ಕೈತಪ್ಪುತ್ತದೆ. ಇಂಥವರು ಮರಳಬಲ್ಲರು, 1974ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ ಟಾಮಿ ಜಾನ್ 1976ರಲ್ಲಿ ಹಿಂದಿರುಗಿ ಇನ್ನೂ 164 ಪಂದ್ಯಗಳನ್ನು ಗೆದ್ದರು. ತಂತ್ರ ಕೆಟ್ಟಿದ್ದರೂ ದಾರಿಯಿದೆ: 2000ರಲ್ಲಿ ನೆಲಕಚ್ಚಿದ್ದ ರಾಯ್ ಹಾಲಡೇ, ಕೆಳದರ್ಜೆಯ ಲೀಗಿನಲ್ಲಿ ತೋಳಿನ ಕೋನವನ್ನೇ ಬದಲಿಸಿಕೊಂಡು, 2003ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು.

ನಿಜಕ್ಕೂ ಕಳವಳ ಹುಟ್ಟಿಸುವುದು ದೇಹ ಸರಿಯಿದ್ದೂ ಗುರಿ ತಪ್ಪುವ ಸ್ಥಿತಿ. ತಾನಾಗಿ ನಡೆಯುತ್ತಿದ್ದ ಚಲನೆಯನ್ನು ಮನಸ್ಸು ಪ್ರತಿ ಎಸೆತದಲ್ಲೂ ನಿಯಂತ್ರಿಸಲು ಹೊರಟಾಗ ಹೀಗಾಗುತ್ತದೆ ಎಂಬುದು ನನಗೆ ಒಪ್ಪಿಗೆಯಾಗುವ ವಿವರಣೆ. 1972ರಲ್ಲಿ 19 ಪಂದ್ಯ ಗೆದ್ದಿದ್ದ ಸ್ಟೀವ್ ಬ್ಲಾಸ್, ಮರುವರ್ಷ ಸುಮಾರು 89 ಇನಿಂಗ್ಸ್‌ಗಳಲ್ಲಿ 84 ವಾಕ್‌ಗಳನ್ನು (ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟು, ಚೇತರಿಸಿಕೊಳ್ಳಲಾಗದೆ 1975ರಲ್ಲಿ ನಿವೃತ್ತರಾದರು.