ಬೀಜದ ನರ ಊದಿದೆ, ಮಗುವಾಗುತ್ತದೆಯೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಪತ್ರ ಬರೆದವರ ಹೆಸರು ಪ್ರಕಟಿಸುವುದಿಲ್ಲ.

ಮದುವೆಯಾಗಿ ಮೂರು ವರ್ಷ. ನನಗೆ 29, ನಮ್ಮ ಮನೆಯವರಿಗೆ 34. ಅವರು ಬೆಣ್ಣೆದೋಸೆ ಹೋಟೆಲಿನಲ್ಲಿ ಹೆಂಚಿನ ಮುಂದೆ ದಿನಕ್ಕೆ ಎಂಟೊಂಬತ್ತು ಗಂಟೆ ನಿಲ್ಲುತ್ತಾರೆ. ಎರಡು ವರ್ಷ ಬರೀ ನನಗೇ ಸ್ಕ್ಯಾನ್, ಮಾತ್ರೆ ಆಯಿತು, ನನ್ನದೆಲ್ಲ ಸರಿಯಿದೆ. ಈಗ ಅವರ ರಿಪೋರ್ಟ್ ಬಂದಿದೆ: ವೀರ್ಯ 2 ಎಂಎಲ್, ಪ್ರತಿ ಎಂಎಲ್‌ಗೆ 9 ಮಿಲಿಯನ್, ಚಲನೆ 22%. ಎಡಗಡೆ ವೆರಿಕೋಸೀಲ್ (ಬೀಜದ ನರ ಊದಿರುವುದು), ಗ್ರೇಡ್ 2 ಅಂತಿದೆ. ಒಬ್ಬರು ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ನೇರ ಐವಿಎಫ್ (ಪ್ರನಾಳ ಶಿಶು ವಿಧಾನ) ಅನ್ನುತ್ತಾರೆ. ಯಾರ ಮಾತು ಕೇಳಬೇಕು? — ದಾವಣಗೆರೆ

ಮೊದಲು ಲೆಕ್ಕ ಹಾಕೋಣ. ಒಂದು ಮಿಲಿಯನ್ ಅಂದರೆ 10 ಲಕ್ಷ. 2 ಎಂಎಲ್‌ನಲ್ಲಿ ಒಟ್ಟು 1.8 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವವು 22%, ಅಂದರೆ ಸುಮಾರು 40 ಲಕ್ಷ. ರಿಪೋರ್ಟಿನ ಬಿಡಿ ಅಂಕಿಗಳಿಗಿಂತ ಈ ಒಂದು ಅಂಕಿಯೇ ಮುಂದಿನ ದಾರಿ ತೋರಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ 1.4 ಎಂಎಲ್, ಎಂಎಲ್‌ಗೆ 16 ಮಿಲಿಯನ್, ಚಲನೆ 42%, ಸರಿಯಾದ ಆಕಾರ 4%. ಇದು ಪಾಸು-ಫೇಲಿನ ಗೆರೆಯಲ್ಲ. ಒಂದು ವರ್ಷದೊಳಗೆ ಹೆಂಡತಿ ಬಸಿರಾದ ಗಂಡಸರಲ್ಲೂ ನೂರಕ್ಕೆ ಐದು ಮಂದಿ ಈ ಅಂಕಿಗಳಿಗಿಂತ ಕೆಳಗೇ ಇದ್ದರು.

ಆದರೆ ಒಂದೇ ರಿಪೋರ್ಟ್ ನಂಬಿ ಆಪರೇಷನ್‌ಗೂ ಹೋಗಬೇಡಿ, ಐವಿಎಫ್‌ಗೂ ಹೋಗಬೇಡಿ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳಲ್ಲಿ ಡೆಂಗಿಯೋ ಟೈಫಾಯ್ಡೋ ಬಂದು ಜ್ವರದಲ್ಲಿ ಮಲಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಆ ಜ್ವರವೊಂದೇ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬಲ್ಲದು. ಸ್ಯಾಂಪಲ್ ಕೊಡುವ ಮೊದಲು 2ರಿಂದ 7 ದಿನ ಸಂಯಮವಿರಲಿ. ಸೋಪು, ಎಣ್ಣೆ, ಎಂಜಲು ತಾಗಬಾರದು. ಮಾಮೂಲಿ ಕಾಂಡೋಮ್‌ನಲ್ಲಿ ಹಿಡಿಯಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಡಬ್ಬಿಯ ಹೊರಗೆ ಬಿದ್ದಿದ್ದರೆ ನಾಚಿಕೊಳ್ಳದೆ ಲ್ಯಾಬಿನವರಿಗೆ ಹೇಳಬೇಕು, ಇಲ್ಲದಿದ್ದರೆ ರಿಪೋರ್ಟ್ ಸುಳ್ಳಾಗುತ್ತದೆ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ಸ್ಕೂಟರಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾದು ಬಂದ ಸ್ಯಾಂಪಲ್‌ನಲ್ಲಿ ಚಲನೆ ಸಿಗುವುದಿಲ್ಲ.

ಇನ್ನು ವೆರಿಕೋಸೀಲ್. ಜನ ನರ ಅಂದರೂ ಅದು ರಕ್ತನಾಳ. ವೃಷಣದಿಂದ ರಕ್ತ ವಾಪಸ್ ಒಯ್ಯುವ ನಾಳಗಳ ಕವಾಟ ಸಡಿಲವಾಗಿ ರಕ್ತ ಕೆಳಗೇ ನಿಲ್ಲುತ್ತದೆ. ಎಡಗಡೆಯೇ ಹೆಚ್ಚು, ಏಕೆಂದರೆ ಎಡನಾಳ ಉದ್ದ, ಅದು ಕಿಡ್ನಿಯ ನಾಳಕ್ಕೆ ಲಂಬಕೋನದಲ್ಲಿ ಸೇರುತ್ತದೆ. ವೃಷಣಕ್ಕೆ ಮೈಗಿಂತ 2-4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ನಿಂತ ಬಿಸಿರಕ್ತ ಅದನ್ನು ಕೆಡಿಸುತ್ತದೆ. ನಿಮ್ಮ ಮನೆಯವರಿಗೆ ಮೇಲಿಂದ ಹೆಂಚಿನ ಕಾವು ಬೇರೆ. ಸೊಂಟದೆತ್ತರದ ಒಲೆಯ ಶಾಖ ನೇರ ತೊಡೆಸಂದಿಗೇ ಹೊಡೆಯುತ್ತದೆ. ಪಾಳಿ ಬದಲಿಸಿಕೊಂಡು ಹಿಟ್ಟು, ಚಟ್ನಿ, ಬಿಲ್ಲಿನ ಕಡೆ ಅರ್ಧ ದಿನ ಕಳೆಯಲು ಆದರೆ ಒಳ್ಳೆಯದು. ಬಿಗಿ ಜೀನ್ಸ್ ಬೇಡ, ಸಡಿಲ ಹತ್ತಿ ಬಟ್ಟೆ ಸಾಕು. ಇಷ್ಟರಿಂದಲೇ ವೆರಿಕೋಸೀಲ್ ಹೋಗುವುದಿಲ್ಲ.

ಅದು ಕೈಗೆ ಸಿಗುತ್ತದೆಯೇ ಎಂದು ಯುರಾಲಜಿಸ್ಟ್ (ಮೂತ್ರಾಂಗ ತಜ್ಞರು) ನಿಮ್ಮ ಮನೆಯವರನ್ನು ನಿಲ್ಲಿಸಿ, ಬೆಚ್ಚಗಿನ ಕೋಣೆಯಲ್ಲಿ ನೋಡಬೇಕು. ಉಸಿರು ಬಿಗಿಹಿಡಿದು ತಿಣುಕಿದಾಗ ಮಾತ್ರ ಸಿಕ್ಕಿದರೆ ಗ್ರೇಡ್ 1. ಸುಮ್ಮನೆ ನಿಂತಾಗಲೇ ಚೀಲದಲ್ಲಿ ಎರೆಹುಳು ಹಿಡಿದಂತೆ ಸಿಕ್ಕಿದರೆ 2. ಕಣ್ಣಿಗೇ ಕಂಡರೆ 3. ಜೊತೆಗೆ ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಸಲು ವೃಷಣಕ್ಕೆ ಆಜ್ಞೆ ಕೊಡುವ ಹಾರ್ಮೋನ್), ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನ್) ರಕ್ತಪರೀಕ್ಷೆ ಬೇಕು. ಎಫ್‌ಎಸ್‌ಎಚ್ ತೀರಾ ಏರಿ ವೃಷಣ ಚಿಕ್ಕದಾಗಿದ್ದರೆ ಆಪರೇಷನ್‌ನಿಂದ ಬರುವ ಲಾಭ ಕಡಿಮೆ.

ಎರಡನೇ ರಿಪೋರ್ಟೂ ಹೀಗೇ ಬಂದು, ವೆರಿಕೋಸೀಲ್ ಕೈಗೂ ಸಿಕ್ಕಿದರೆ, ನಿಮ್ಮ 29ರ ವಯಸ್ಸಿನಲ್ಲಿ ನಾವು ಆಪರೇಷನ್ ಕಡೆಗೇ ವಾಲುತ್ತೇವೆ. ಕೇಳಬೇಕಾದ ಹೆಸರು ಮೈಕ್ರೋಸ್ಕೋಪಿಕ್ ವೆರಿಕೋಸೀಲ್ ಸರ್ಜರಿ. ತೊಡೆಸಂದಿನ ಕೆಳಗೆ 2-3 ಸೆಂ.ಮೀ. ಗಾಯ ಮಾಡಿ, ಊದಿದ ನಾಳಗಳನ್ನು ಒಂದೊಂದಾಗಿ ಕಟ್ಟುತ್ತಾರೆ. ಸೂಕ್ಷ್ಮದರ್ಶಕ ಏಕೆಂದರೆ ಪಕ್ಕದಲ್ಲೇ ವೃಷಣಕ್ಕೆ ರಕ್ತ ತರುವ ಕೂದಲೆಳೆಯಂಥ ಅಪಧಮನಿ ಮತ್ತು ಅಲ್ಲಿನ ನೀರನ್ನು ಒಯ್ಯುವ ದುಗ್ಧನಾಳ (ಲಿಂಫ್ ನಾಳ)ಗಳಿವೆ. ದುಗ್ಧನಾಳ ಕಟ್ಟಿದರೆ ವೃಷಣದ ಚೀಲದಲ್ಲಿ ನೀರು ತುಂಬುತ್ತದೆ, ಅಪಧಮನಿ ಹೋದರೆ ವೃಷಣ ಸೊರಗಬಹುದು, ಒಂದು ನಾಳ ತಪ್ಪಿಹೋದರೆ ವೆರಿಕೋಸೀಲ್ ಮರಳಿ ಬರುತ್ತದೆ. ನಾಲ್ಕೈದು ದಿನ ವಿಶ್ರಾಂತಿ. ಹಿಟ್ಟಿನ ಪಾತ್ರೆ, ಸೌದೆ ಹೊರೆ ಎತ್ತುವುದು ಮೂರ್ನಾಲ್ಕು ವಾರ ಬೇಡ. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಮತ್ತೆರಡು ವಾರ. ಹಾಗಾಗಿ ಫಲ ನೋಡಬೇಕಾದ್ದು 3ನೇ ತಿಂಗಳು, ಮತ್ತೆ 6ನೇ ತಿಂಗಳು. ಹದಿನೈದೇ ದಿನಕ್ಕೆ ಟೆಸ್ಟ್ ಮಾಡಿಸಿ ಕಂಗೆಡುವವರು ಬಹಳ.

ಚಲಿಸುವ ಸಂಖ್ಯೆ 50 ಲಕ್ಷ-1 ಕೋಟಿ ದಾಟಿದರೆ ಐಯುಐಗೆ (ತೊಳೆದ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಅರ್ಥವಿದೆ. ಈಗಿನ 40 ಲಕ್ಷಕ್ಕೆ ಐಯುಐ ಮೇಲೆ ಐಯುಐ ಮಾಡಿಸುವುದು ದುಡ್ಡು ದಂಡ. ನಿಮ್ಮ ವಯಸ್ಸು 37 ಆಗಿದ್ದರೆ ಅಥವಾ ಅಂಡಗಳ ದಾಸ್ತಾನು ಕಡಿಮೆಯಿದ್ದರೆ ನಮ್ಮ ಉತ್ತರ ತಿರುಗಿಬೀಳುತ್ತಿತ್ತು: ಆರು ತಿಂಗಳು ಕಾಯದೆ ಐವಿಎಫ್-ಇಕ್ಸಿ (ಲ್ಯಾಬಿನಲ್ಲಿ ಒಂದೊಂದು ಅಂಡದೊಳಗೆ ಒಂದು ವೀರ್ಯಾಣುವನ್ನು ಚುಚ್ಚಿ ಸೇರಿಸುವುದು).

ನನ್ನ ಯಜಮಾನರ ಸ್ಕ್ಯಾನ್‌ನಲ್ಲಿ ಮಾತ್ರ ಸಣ್ಣ ವೆರಿಕೋಸೀಲ್ ಕಂಡಿದೆ, ಡಾಕ್ಟರ ಕೈಗೆ ಸಿಗಲಿಲ್ಲ. ವೀರ್ಯದ ರಿಪೋರ್ಟ್ ಸರಿಯಿದೆ. ಅವರು ಬೆಂಗಳೂರಿನಲ್ಲಿ, ನಾನು ಇಲ್ಲಿ ಶಾಲೆಯಲ್ಲಿ ಟೀಚರ್. ಶನಿವಾರ ಬಂದು ಭಾನುವಾರ ರಾತ್ರಿ ಬಸ್ಸಿಗೆ ಹೋಗುತ್ತಾರೆ. ಆಪರೇಷನ್ ಬೇಕೇ? — ಶಿರಸಿ

ಬೇಡ. ಸ್ಕ್ಯಾನ್‌ಗೆ ಮಾತ್ರ ಕಾಣುವ ವೆರಿಕೋಸೀಲ್ ಕಟ್ಟಿ ಪ್ರಯೋಜನವಿಲ್ಲ. ನಿಮ್ಮ ತೊಂದರೆ ಇರುವುದು ಬಸ್ಸಿನ ವೇಳಾಪಟ್ಟಿಯಲ್ಲಿ. ಅಂಡ ಬಿಡುಗಡೆಯಾದ ಮೇಲೆ ಬದುಕುವುದು 12-24 ಗಂಟೆ. ವೀರ್ಯಾಣು ಒಳಗೆ ಹೆಚ್ಚೆಂದರೆ ಐದು ದಿನ. ಗರ್ಭ ನಿಲ್ಲುವ ಅವಕಾಶ ಅತಿಹೆಚ್ಚು ಇರುವುದು ಅಂಡ ಬಿಡುವ ಹಿಂದಿನ ಎರಡು ದಿನ. 28 ದಿನದ ಮುಟ್ಟಿನವರಿಗೆ ಅದು ಮುಟ್ಟಾದ ದಿನದಿಂದ ಎಣಿಸಿದರೆ ಸುಮಾರು 12-13ನೇ ದಿನ. ಅದು ಬುಧವಾರ-ಗುರುವಾರ ಬಿದ್ದರೆ ಆ ತಿಂಗಳು ಹೋದಂತೆಯೇ. ಮೆಡಿಕಲ್ ಶಾಪಿನಲ್ಲಿ ಎಲ್‌ಎಚ್ (ಅಂಡ ಬಿಡುವ ಮುನ್ನ ಏರುವ ಹಾರ್ಮೋನ್) ಕಿಟ್ ಸಿಗುತ್ತದೆ. 10ನೇ ದಿನದಿಂದ ದಿನವೂ ಮೂತ್ರದಲ್ಲಿ ನೋಡಿ. ಗೆರೆ ಗಾಢವಾದ ಮೇಲೆ 24-36 ಗಂಟೆಯಲ್ಲಿ ಅಂಡ ಬಿಡುತ್ತದೆ. ಎರಡು ಮೂರು ತಿಂಗಳು ಬರೆದಿಟ್ಟರೆ ನಿಮ್ಮ ದಿನ ಗೊತ್ತಾಗುತ್ತದೆ. ಆಮೇಲೆ ಅವರು ರಜೆ ಹಾಕಬೇಕಾದ್ದು ಹಬ್ಬಕ್ಕಲ್ಲ, ಆ ದಿನಕ್ಕೆ. ಜೆಲ್ಲಿ, ಎಂಜಲು ಬಳಸಬೇಡಿ, ವೀರ್ಯಾಣುವಿನ ಚಲನೆ ಕುಗ್ಗುತ್ತದೆ. ನಿಮಗೆ 35 ದಾಟಿದ್ದರೆ ಹೀಗೆ ಆರು ತಿಂಗಳಿಗಿಂತ ಹೆಚ್ಚು ನೋಡಬೇಡಿ.

ನನಗೆ 19ರಲ್ಲಿ ಮಂಗನಬಾವು ಬಂದು ಎರಡೂ ಬೀಜ ಊದಿದ್ದವು. ಈಗ 31. ಎರಡು ಸಲವೂ ರಿಪೋರ್ಟ್ ಸೊನ್ನೆ, ಎಫ್‌ಎಸ್‌ಎಚ್ 24. ಶಕ್ತಿ ಬರಲೆಂದು ಗೆಳೆಯನೊಬ್ಬ ಜಿಮ್‌ನ ಇಂಜೆಕ್ಷನ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. — ಗದಗ

ಇಂಜೆಕ್ಷನ್ ಖಂಡಿತ ಬೇಡ. ಜಿಮ್‌ನಲ್ಲಿ ಕೊಡುವುದು ಸಾಮಾನ್ಯವಾಗಿ ಟೆಸ್ಟೋಸ್ಟೆರಾನ್ ಥರದ್ದೇ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ವೃಷಣಕ್ಕೆ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಉಳಿದಿರುವ ಅಷ್ಟಿಷ್ಟು ವೀರ್ಯಾಣು ತಯಾರಿಕೆಯೂ ಬಂದ್. ಒಳ್ಳೆಯ ಆರೋಗ್ಯವಂತರೂ ಇದರಿಂದ ಸೊನ್ನೆಗೆ ಬರುತ್ತಾರೆ.

ಸೊನ್ನೆ ಅಂದದ್ದು ಸ್ಯಾಂಪಲನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದ ಗಸಿ ನೋಡಿದ ಮೇಲೆಯೇ ಎಂದು ವಿಚಾರಿಸಿ. ಗಸಿಯಲ್ಲಿ ನಾಲ್ಕು ಜೀವಂತ ವೀರ್ಯಾಣು ಸಿಕ್ಕರೂ ಫ್ರೀಜ್ ಮಾಡಿಟ್ಟು ಇಕ್ಸಿ ಮಾಡಬಹುದು. ಅದೂ ಇಲ್ಲದಿದ್ದರೆ, ಎಫ್‌ಎಸ್‌ಎಚ್ 24ಕ್ಕೆ ಏರಿರುವುದು ವೀರ್ಯಾಣು ಬರುವ ದಾರಿ ಕಟ್ಟಿಲ್ಲ, ತಯಾರಿಕೆಯೇ ಕುಂಠಿತ ಎಂದು ಹೇಳುತ್ತದೆ. ಆಗ ಉಳಿಯುವುದು ಮೈಕ್ರೋ-ಟೀಸೆ: ವೃಷಣ ತೆರೆದು, ಸೂಕ್ಷ್ಮದರ್ಶಕದಡಿ ದಪ್ಪಗಿರುವ ನಳಿಕೆಗಳನ್ನು ಆರಿಸಿ ಹುಡುಕುವುದು. ಇಂಥವರಲ್ಲಿ ಒಟ್ಟಾರೆ ಅರ್ಧದಷ್ಟು ಮಂದಿಗೆ ಸಿಗುತ್ತದೆ. ಮಂಗನಬಾವು ಬಂದದ್ದು ನಿಜವಾದರೂ ಕೆರಿಯೋಟೈಪ್ (ಕ್ರೋಮೋಸೋಮ್‌ಗಳ ಎಣಿಕೆ, ರಚನೆ ನೋಡುವುದು) ಮತ್ತು ವೈ ಕ್ರೋಮೋಸೋಮ್ ಪರೀಕ್ಷೆ ಮೊದಲೇ ಆಗಲಿ. ವೈ ಕ್ರೋಮೋಸೋಮ್‌ನಲ್ಲಿ ವೀರ್ಯಾಣು ತಯಾರಿಕೆಗೆ ಬೇಕಾದ ಎಜೆಡ್‌ಎಫ್-ಎ ಅಥವಾ ಬಿ ಭಾಗ ಪೂರ್ತಿ ಇಲ್ಲವೆಂದು ಬಂದರೆ ಕೊಯ್ಯುವುದೇ ವ್ಯರ್ಥ.

ಸಿಗದಿದ್ದರೆ ದಾನಿ ವೀರ್ಯ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ಅದು ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ಹೆಂಡತಿಗೆ 21-50, ಗಂಡನಿಗೆ 21-55ರ ವಯೋಮಿತಿ. ಹುಟ್ಟುವ ಮಗು ಕಾನೂನಿನಲ್ಲಿ ನಿಮ್ಮದೇ, ದಾನಿಗೆ ಯಾವ ಹಕ್ಕೂ ಇಲ್ಲ.

ನನ್ನ ತಮ್ಮನಿಗೆ 17. ಎಡಗಡೆ ವೆರಿಕೋಸೀಲ್ ಇದೆ, ನೋವಿಲ್ಲ. ಮದುವೆಗೆ ಮೊದಲೇ ತೆಗೆಸಿಬಿಡುವುದು ಒಳ್ಳೆಯದಲ್ಲವೇ? — ಮಂಡ್ಯ

ವೆರಿಕೋಸೀಲ್ ಇರುವ ಹೆಚ್ಚಿನವರಿಗೆ ತೊಂದರೆಯಿಲ್ಲದೆ ಮಕ್ಕಳಾಗುತ್ತವೆ. ವರ್ಷಕ್ಕೊಮ್ಮೆ ಎರಡೂ ವೃಷಣದ ಗಾತ್ರ ಅಳೆಸಿ. ಎಡದ್ದು ಬಲಕ್ಕಿಂತ 20%ಗೂ ಹೆಚ್ಚು ಚಿಕ್ಕದಾಗುತ್ತ ಹೋದರೆ ಅಥವಾ ನೋವು ಶುರುವಾದರೆ ಮಾತ್ರ ಆಪರೇಷನ್ ಮಾತು. 18 ತುಂಬಿದ ಮೇಲೆ ಒಂದು ವೀರ್ಯ ಪರೀಕ್ಷೆ ಸಾಕು. ಮಲಗಿದಾಗಲೂ ಊತ ಇಳಿಯದಿದ್ದರೆ, ಅಥವಾ ಬಲಗಡೆ ಮಾತ್ರ ಹೊಸದಾಗಿ ಬಂದರೆ, ಕಿಡ್ನಿಯ ಬಳಿ ಗಡ್ಡೆ ಒತ್ತುತ್ತಿದೆಯೇ ಎಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ತಮ್ಮನಿಗೆ ಇನ್ನೊಂದು ಮಾತು ಹೇಳಿಡಿ: ಯಾವತ್ತಾದರೂ ಬೀಜದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ ಬಂದರೆ ಅದು ವೆರಿಕೋಸೀಲ್ ಅಲ್ಲ, ವೃಷಣ ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆಗಬೇಕು. ನಾಚಿಕೆಯಿಂದ ಬೆಳಗಿನವರೆಗೆ ಕಾದರೆ ಅದನ್ನು ತೆಗೆಯಬೇಕಾಗಿ ಬರುತ್ತದೆ.