ಯುರೋಪಿನಲ್ಲಿದ್ದು ಇಂಡೆಕ್ಸ್ ಫಂಡ್ ಕೊಳ್ಳುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಎಂಜಿನಿಯರ್ ಆಗಿದ್ದೇನೆ. ಉಳಿತಾಯದಲ್ಲಿ ತಿಂಗಳಿಗೆ 400 ಯೂರೊವನ್ನು, ಷೇರು ಸೂಚ್ಯಂಕವೊಂದನ್ನು ಹಾಗೆಯೇ ಅನುಸರಿಸುವ ಇಂಡೆಕ್ಸ್ ಫಂಡಿನಲ್ಲಿ ತೊಡಗಿಸಬೇಕೆಂದಿದ್ದೇನೆ. ಅಮೆರಿಕದಲ್ಲಿರುವ ಸ್ನೇಹಿತರು ತಾವು ಕೊಳ್ಳುವ, ಷೇರುಪೇಟೆಯಲ್ಲಿ ಷೇರಿನಂತೆ ಮಾರಾಟವಾಗುವ ಇಂಥ ಫಂಡಾದ ಇಟಿಎಫ್‌ ಅನ್ನೇ ನನಗೂ ಸೂಚಿಸಿದರು. ಆದರೆ ಇಲ್ಲಿನ ಬ್ರೋಕರ್‌ನ ಆ್ಯಪ್‌ನಲ್ಲಿ ಆರ್ಡರ್ ಹಾಕಿದಾಗ ‘ಇದು ನಿಮಗೆ ಲಭ್ಯವಿಲ್ಲ’ ಎಂಬ ಒಂದು ಸಾಲು ಬಂತೇ ಹೊರತು ಕಾರಣ ತಿಳಿಯಲಿಲ್ಲ. ಬ್ರೋಕರನ್ನು ಬದಲಿಸಬೇಕೆ? ಯಾವ ಫಂಡ್ ಕೊಳ್ಳಲಿ?

ಉತ್ತರ: ಬ್ರೋಕರನ್ನು ಬದಲಿಸಿದರೂ ಅದೇ ಸಾಲು ಬರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2018ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಸಾಮಾನ್ಯ ಹೂಡಿಕೆದಾರರಿಗೆ ಫಂಡ್ ಮಾರಬೇಕಾದರೆ ಅದರ ಅಪಾಯ ಮತ್ತು ವೆಚ್ಚಗಳನ್ನು ನಿಗದಿತ ನಮೂನೆಯಲ್ಲಿ ತಿಳಿಸುವ ಮಾಹಿತಿ ಪತ್ರ ಇರಲೇಬೇಕು. ಅಮೆರಿಕದ ಇಟಿಎಫ್‌ಗಳನ್ನು ನಡೆಸುವವರು ಅಂಥ ಪತ್ರವನ್ನು ಸಿದ್ಧಪಡಿಸುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ ಬ್ರೋಕರ್ ಆ ಆರ್ಡರನ್ನು ಸ್ವೀಕರಿಸುವಂತಿಲ್ಲ. ನೀವು ಕೊಳ್ಳಬೇಕಾದದ್ದು ‘ಯುಸಿಟ್ಸ್’ (UCITS) ಎಂಬ ಐರೋಪ್ಯ ಚೌಕಟ್ಟಿನೊಳಗೆ ಬರುವ ಫಂಡುಗಳನ್ನು. ಹೆಸರಿನಲ್ಲಿಯೇ ಆ ಪದ ಇರುತ್ತದೆ.

ಫಂಡ್ ಆರಿಸುವಾಗ ಅನೇಕರು ವಾರ್ಷಿಕ ವೆಚ್ಚದ ಅಂಕಿಯನ್ನಷ್ಟೇ ಹೋಲಿಸುತ್ತಾರೆ. ಅದಕ್ಕಿಂತ ಮೊದಲು ಫಂಡ್ ಯಾವ ದೇಶದಲ್ಲಿ ನೋಂದಾಯಿತವಾಗಿದೆ ಎಂಬುದನ್ನು ನೋಡಬೇಕೆಂದು ನನ್ನ ಅಭಿಪ್ರಾಯ. ಅಮೆರಿಕದ ಕಂಪನಿಯೊಂದು ನಿಮ್ಮ ಫಂಡಿಗೆ 100 ಡಾಲರ್ ಲಾಭಾಂಶ ಕೊಟ್ಟಿತೆಂದುಕೊಳ್ಳಿ. ಫಂಡ್ ಐರ್ಲೆಂಡಿನದಾಗಿದ್ದರೆ, ಆ ದೇಶ ಅಮೆರಿಕದೊಂದಿಗೆ ಮಾಡಿಕೊಂಡಿರುವ ತೆರಿಗೆ ಒಪ್ಪಂದದಿಂದಾಗಿ 15 ಡಾಲರ್ ಮಾತ್ರ ಮುರಿದುಕೊಂಡು 85 ಡಾಲರ್ ಫಂಡಿಗೆ ಸೇರುತ್ತದೆ. ಅದೇ ಷೇರುಗಳನ್ನು ಲಕ್ಸೆಂಬರ್ಗ್‌ನ ಫಂಡ್ ಹೊಂದಿದ್ದರೆ ಸಾಮಾನ್ಯವಾಗಿ 30 ಡಾಲರ್ ಕಡಿತವಾಗುತ್ತದೆ. ಲಾಭಾಂಶ ವರ್ಷಕ್ಕೆ ಶೇ 1.5 ಎಂದಿಟ್ಟುಕೊಂಡರೂ ಅಮೆರಿಕದ ಷೇರುಗಳ ಮೇಲೆ ಈ ವ್ಯತ್ಯಾಸ ಶೇ 0.22ರಷ್ಟಾಗುತ್ತದೆ, ಅಂದರೆ ಜನ ತಲೆಕೆಡಿಸಿಕೊಳ್ಳುವ ಆ ವಾರ್ಷಿಕ ವೆಚ್ಚದಷ್ಟೇ ಇನ್ನೊಂದು ವೆಚ್ಚ, ಯಾವ ಜಾಹೀರಾತಿನಲ್ಲಿಯೂ ಕಾಣದಂತೆ, ಬಂದು ಸೇರಿದಂತೆ. ಷೇರುಗಳನ್ನು ನೇರವಾಗಿ ಕೊಳ್ಳದೆ, ಸೂಚ್ಯಂಕದ ಗಳಿಕೆಯನ್ನು ಬ್ಯಾಂಕೊಂದು ಕೊಡುವ ‘ಸ್ವಾಪ್’ ಒಪ್ಪಂದದ ಮೂಲಕ ಸೂಚ್ಯಂಕವನ್ನು ಅನುಸರಿಸುವ ಫಂಡುಗಳಿಗೆ ಈ ಲೆಕ್ಕ ಅನ್ವಯಿಸದು. ಉಳಿದವುಗಳಲ್ಲಿ ಫಂಡಿನ ಗುರುತಾದ ಐಎಸ್‌ಐಎನ್ ಸಂಖ್ಯೆಯ ಮೊದಲ ಎರಡು ಅಕ್ಷರ ‘ಐಇ’ (IE) ಆಗಿದ್ದರೆ ಅದು ಐರ್ಲೆಂಡಿನದು.

ವಿಶ್ವದ ಷೇರುಪೇಟೆಯನ್ನು ಒಂದೇ ಫಂಡಿನಲ್ಲಿ ಹಿಡಿಯಲು ಎರಡು ಹೆಸರುಗಳು ಹೆಚ್ಚು ಬಳಕೆಯಲ್ಲಿವೆ. ಐಶೇರ್ಸ್ ಸಂಸ್ಥೆಯ ಎಂಎಸ್‌ಸಿಐ ವರ್ಲ್ಡ್ ಫಂಡ್ 23 ಮುಂದುವರಿದ ದೇಶಗಳ ಷೇರುಗಳನ್ನಷ್ಟೇ ಹೊಂದಿದೆ. ವ್ಯಾನ್‌ಗಾರ್ಡ್‌ನ ಎಫ್‌ಟಿಎಸ್‌ಇ ಆಲ್-ವರ್ಲ್ಡ್ ಫಂಡಿನಲ್ಲಿ ಭಾರತ, ಚೀನಾಗಳಂಥ ದೇಶಗಳೂ ಇವೆ. ಎರಡೂ ಐರ್ಲೆಂಡಿನವು, ವಾರ್ಷಿಕ ವೆಚ್ಚ ಎರಡರದೂ ಶೇ 0.2ರ ಆಸುಪಾಸಿನಲ್ಲಿದೆ. ನಾನಾದರೆ ಎರಡನೆಯದನ್ನು ಆರಿಸಿ ಸುಮ್ಮನಾಗುತ್ತೇನೆ. 50,000 ಯೂರೊ ಕೂಡಿದ ಮೇಲೂ ವೆಚ್ಚದಲ್ಲಿ ಶೇ 0.02ರ ವ್ಯತ್ಯಾಸ ಇದ್ದರೆ ವರ್ಷಕ್ಕೆ 10 ಯೂರೊ, ಅಷ್ಟೇ.

ಇನ್ನು ಬ್ರೋಕರ್ ವಿಚಾರ. ಜರ್ಮನಿಯಲ್ಲಿ ವಾಸಿಸುವವರು ಜರ್ಮನ್ ತೆರಿಗೆಯನ್ನು ತಾನೇ ಕಡಿತ ಮಾಡಿ ಕಟ್ಟುವ ಬ್ರೋಕರನ್ನು ಆರಿಸಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಹೊರದೇಶದ ಬ್ರೋಕರ್ ಆದರೆ ಪ್ರತಿ ವರ್ಷ ಎಲ್ಲವನ್ನೂ ನೀವೇ ಲೆಕ್ಕಹಾಕಿ ಘೋಷಿಸಬೇಕು, ಅದರಲ್ಲಿಯೂ ‘ಫೋರಾಬ್‌ಪೌಷಾಲೆ’ ಎಂಬ ಮುಂಗಡ ತೆರಿಗೆಯ ಲೆಕ್ಕ. ಲಾಭಾಂಶವನ್ನು ಹಂಚದೆ ತನ್ನಲ್ಲಿಯೇ ಮರುಹೂಡುವ ಫಂಡುಗಳಿಗೆ ಮುಖ್ಯವಾಗಿ ತಗಲುವ ಈ ಲೆಕ್ಕ ಕೇಳಲು ಭಯ ಹುಟ್ಟಿಸಿದರೂ ಮೊತ್ತ ಚಿಕ್ಕದು. 2024ರ ಆರಂಭದಲ್ಲಿ ನಿಮ್ಮಲ್ಲಿ 10,000 ಯೂರೊ ಇತ್ತೆಂದುಕೊಂಡರೆ, ಈ ಲೆಕ್ಕಕ್ಕೆಂದು ಜರ್ಮನ್ ಸರ್ಕಾರ ಪ್ರಕಟಿಸಿದ ಆ ವರ್ಷದ ಮೂಲದರವಾದ ಶೇ 2.29ರ ಶೇ 70ರಷ್ಟನ್ನು ಹಿಡಿದಾಗ 160 ಯೂರೊ ಬರುತ್ತದೆ. ಷೇರು ಫಂಡುಗಳಿಗೆ ಇರುವ ಶೇ 30ರ ವಿನಾಯಿತಿ ಕಳೆದರೆ ತೆರಿಗೆಗೆ ಒಳಪಡುವ ಆದಾಯವಾಗಿ ಸುಮಾರು 112 ಯೂರೊ ಉಳಿಯುತ್ತದೆ. ಒಬ್ಬರಿಗೆ ವರ್ಷಕ್ಕೆ 1,000 ಯೂರೊವರೆಗಿನ ಹೂಡಿಕೆ ಆದಾಯ ತೆರಿಗೆಮುಕ್ತವಾದ್ದರಿಂದ, ಬೇರೆ ಆದಾಯ ಇಲ್ಲದಿದ್ದರೆ ಕಟ್ಟಬೇಕಾದದ್ದು ಶೂನ್ಯ. ಆದರೆ ‘ಫ್ರೈಸ್ಟೆಲ್ಲುಂಗ್ಸ್‌ಔಫ್‌ಟ್ರಾಗ್’ ಎಂಬ ವಿನಾಯಿತಿ ಅರ್ಜಿಯನ್ನು ಬ್ರೋಕರ್‌ಗೆ ಮೊದಲೇ ಕೊಟ್ಟಿರಬೇಕು. ಇದನ್ನು ಮರೆಯುವವರೇ ಹೆಚ್ಚು.

ಶುಲ್ಕವನ್ನು ಯೂರೊದಲ್ಲಲ್ಲ, ಶೇಕಡಾವಾರಿನಲ್ಲಿ ಅಳೆಯಿರಿ. 400 ಯೂರೊ ಕಂತಿಗೆ 1 ಯೂರೊ ಶುಲ್ಕವೆಂದರೆ ಶೇ 0.25, ಅದೇ 50 ಯೂರೊ ಕಂತಿಗಾದರೆ ಶೇ 2.

ಪ್ರಶ್ನೆ: ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ಬ್ರೋಕರ್ ಕಂಪನಿಯೇ ಮುಳುಗಿದರೆ 20,000 ಯೂರೊ ಮಾತ್ರ ಸಿಗುತ್ತದೆಯೆಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ನಿಜವೆ?

ಉತ್ತರ: ಅಂಕಿ ನಿಜ, ಅರ್ಥ ಬೇರೆ. ನಿಮ್ಮ ಫಂಡ್ ಯೂನಿಟ್ಟುಗಳು ಬ್ರೋಕರ್‌ನ ಸ್ವಂತ ಆಸ್ತಿಯಿಂದ ಬೇರೆಯಾಗಿಯೇ ಇರಬೇಕೆಂಬುದು ಕಾನೂನು; ಬ್ರೋಕರ್ ದಿವಾಳಿಯಾದರೂ ಅದಕ್ಕೆ ಸಾಲ ಕೊಟ್ಟವರು ಅವುಗಳ ಮೇಲೆ ಕೈಹಾಕುವಂತಿಲ್ಲ, ತಡವಾದರೂ ಅವು ಬೇರೊಂದು ಬ್ರೋಕರ್‌ಗೆ ವರ್ಗವಾಗುತ್ತವೆ. ವಂಚನೆಯಿಂದಲೋ ಲೆಕ್ಕದ ಅವ್ಯವಸ್ಥೆಯಿಂದಲೋ ಯೂನಿಟ್ಟುಗಳೇ ಕಾಣೆಯಾದ ಸಂದರ್ಭಕ್ಕೆ, ಒಕ್ಕೂಟದ ದೇಶಗಳು ಕನಿಷ್ಠ 20,000 ಯೂರೊವರೆಗಿನ ಪರಿಹಾರದ ವ್ಯವಸ್ಥೆ ಇಟ್ಟಿರಬೇಕು. ಬ್ಯಾಂಕ್ ಠೇವಣಿಗಿರುವ 1,00,000 ಯೂರೊ ಖಾತರಿ ಇದಕ್ಕಿಂತ ಬೇರೆಯದು. ನೋಡಬೇಕಾದದ್ದು ಒಪ್ಪಂದದ ಇನ್ನೊಂದು ಕಲಮು: ನಿಮ್ಮ ಯೂನಿಟ್ಟುಗಳನ್ನು ಇತರರಿಗೆ ಎರವಲು ಕೊಡಲು ನೀವು ಒಪ್ಪಿಗೆ ನೀಡಿದ್ದೀರಾ ಎಂಬುದು. ಕೆಲವು ಬ್ರೋಕರ್‌ಗಳಲ್ಲಿ ಖಾತೆಯ ಬಗೆಯನ್ನು ಆರಿಸುವಾಗಲೇ ಈ ಒಪ್ಪಿಗೆ ಸೇರಿಕೊಂಡಿರುತ್ತದೆ.

ಪ್ರಶ್ನೆ: ಒಂದೇ ಫಂಡ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯೂರೊದಲ್ಲಿ, ಲಂಡನ್‌ನಲ್ಲಿ ಡಾಲರ್‌ನಲ್ಲಿ ಸಿಗುತ್ತದೆ. ಯೂರೊದಲ್ಲಿ ಕೊಂಡರೆ ಡಾಲರ್ ಏರಿಳಿತದಿಂದ ಪಾರಾಗಬಹುದೆ?

ಉತ್ತರ: ಇಲ್ಲ. ಫಂಡಿನೊಳಗಿರುವ ಷೇರುಗಳು ಅವೇ ಆದ್ದರಿಂದ ಅವುಗಳ ಕರೆನ್ಸಿಯ ಏರಿಳಿತ ಎರಡರಲ್ಲಿಯೂ ಒಂದೇ. ಯೂರೊದಲ್ಲಿ ಸಂಬಳ ಪಡೆಯುವವರು ಯೂರೊದಲ್ಲಿಯೇ ಕೊಂಡರೆ ಬ್ರೋಕರ್ ವಸೂಲು ಮಾಡುವ ವಿನಿಮಯ ಶುಲ್ಕ ಉಳಿಯುತ್ತದೆ.